ನಾರು ಹೊರಗೆ, ನೀರು ಒಳಗೆ

ಹರಿಹರದಲ್ಲಿ ಹೊಳೆದಂಡೆ ಹಿಡಿದು ನಡೆಯುವಾಗ ಮೊದಲು ಬಂದದ್ದು ನಾತ. ಸಂಕ್ರಾಂತಿಗೆ ಇನ್ನೂ ಎರಡು ವಾರ ಇತ್ತು. ಹರಿಹರೇಶ್ವರನ ಗುಡಿ ನೋಡಿಕೊಂಡು, ಬಿಸಿಲು ಏರುವ ಮುಂಚೆ ಊರಾಚೆ ಬಂದಿದ್ದೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನೋಡಿದರೆ, ದಂಡೆಯ ನಿಂತ ನೀರಿನಲ್ಲಿ ಮೊಣಕಾಲುದ್ದ ಇಳಿದಿದ್ದ ಅಜ್ಜ ಒಬ್ಬರು ಕೊಳೆಹಾಕಿದ ಪುಂಡಿ ಕಟ್ಟು ಬಿಚ್ಚಿ ನಾರು ಸುಲಿಯುತ್ತಿದ್ದರು.

ಪುಂಡಿ ಎಂದರೆ ನಮಗೆಲ್ಲ ಈಗ ಪಲ್ಯ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೊಂದಿಷ್ಟು ಬೆಳ್ಳುಳ್ಳಿ ಒಗ್ಗರಣೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು. ಅದಕ್ಕೆ ಎರಡನೇ ಬದುಕೊಂದು ಇದ್ದದ್ದು ಮರೆತೇ ಹೋಗಿದೆ. ಹೊಲದ ಅಂಚಿಗೆ ಒಂದೆರಡು ಸಾಲು ಹಾಕಿ, ಎಳೆಯದಿದ್ದಾಗ ಸೊಪ್ಪು ಚಿವುಟಿ, ಹೂ ಬಿಟ್ಟಾಗ ಕೊಯ್ದು, ಎರಡು ಮೂರು ವಾರ ನೀರಲ್ಲಿ ಮುಳುಗಿಸಿಟ್ಟು ನಾರು ತೆಗೆಯುತ್ತಿದ್ದರು. ಮೂಗುದಾರ, ಕಣ್ಣಿ, ಬಾವಿ ಹಗ್ಗ ಹೊಸೆಯಲು ಅದೇ ಬೇಕಿತ್ತು.

“ಏನ್ರೀ, ಹಂಗ ನಿಂತು ನೋಡಾಕತ್ತೀರಿ? ಬರ್ರಿ, ನೀವೂ ಒಂದು ಸುಲೀರಿ.”

ಸುಲಿದೆ. ಅರ್ಧಕ್ಕೇ ಹರಿಯಿತು. “ತುದಿ ಅಲ್ರೀ, ಬುಡ ಹಿಡೀಬೇಕು” ಎಂದು ಅಜ್ಜ ಇನ್ನೊಂದು ಕೊಟ್ಟರು. ಈ ಸಲ ಬುಡದಿಂದ ತುದಿಯವರೆಗೆ ಸರ್ರನೆ ಬಂತು. ಎಡಗೈಯಲ್ಲಿ ಜೋಲುವ ಹಸಿ ನಾರು, ಬಲಗೈಯಲ್ಲಿ ನುಣುಪಾದ ಬಿಳಿ ಕಡ್ಡಿ. ಆ ಕ್ಷಣದ ಖುಷಿ ನನಗಿನ್ನೂ ಇಳಿದಿಲ್ಲ. ಹೈಸ್ಕೂಲಿನಲ್ಲಿ ಕೆಂಪು, ನೀಲಿ ಪೆನ್ಸಿಲಿನಲ್ಲಿ ಬಣ್ಣ ತುಂಬಿ ಅಂಕ ಗಿಟ್ಟಿಸಿದ ಕಾಂಡದ ಚಿತ್ರ ಎರಡು ಹೋಳಾಗಿ ನನ್ನ ಎರಡು ಕೈಯಲ್ಲಿತ್ತು! ಎಡಗೈಯದು ಫ್ಲೋಯಂನ ಪಾಲು, ಎಲೆ ಮಾಡಿದ ಅಡುಗೆ ಸಾಗುವ ದಾರಿ. ಬಲಗೈಯದು ಕ್ಸೈಲಂ, ಬೇರಿನ ನೀರು ಮೇಲೇರುವ ದಾರಿ. ನಡುವೆ ಕೇಂಬಿಯಂ ಎಂಬ ತೆಳು ಪದರ. ಎರಡನ್ನೂ ಹೆರುವ ತಾಯಿ ಅದೇ, ಎಲ್ಲಕ್ಕಿಂತ ಮೆದುವಾದದ್ದೂ ಅದೇ. ನೀರಿನ ಬ್ಯಾಕ್ಟೀರಿಯಾಗಳು ಕೋಶಗಳ ನಡುವಿನ ಅಂಟನ್ನು ತಿಂದು ಸಡಿಲ ಮಾಡಿದ ಮೇಲೆ ಸಿಪ್ಪೆ ಬಿಡುವುದು ಅಲ್ಲೇ. ಪಂಡಿತರು ತಕರಾರು ತೆಗೆಯಬಹುದು: ಹಗ್ಗವಾಗುವ ನಾರು ಆಹಾರದ ಕೊಳವೆಯಲ್ಲ, ಕೊಳವೆಯ ಪಕ್ಕದಲ್ಲಿ ನಿಂತ ಕಾವಲುಗಾರ. ನಿಜ. ಆದರೆ ಕಾವಲುಗಾರ ಸಿಕ್ಕಿದ ಎಂದರೆ ಮನೆಯೂ ಸಿಕ್ಕಿದ ಹಾಗೆಯೇ.

ಅಜ್ಜನ ಹಿಂದೆ ಒಂದು ಪಂಪ್‌ಸೆಟ್ ಗುಡುಗುಡು ಎನ್ನುತ್ತಿತ್ತು. ಅದನ್ನು ಹೊಳೆಗೆ ಅಷ್ಟು ಹತ್ತಿರ ಇಟ್ಟದ್ದೇಕೆ ಎಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಸಕ್ಷನ್ 25 ಅಡಿ ದಾಟಿದರೆ ನೀರು ಬರದು. ಲೆಕ್ಕದ ಪ್ರಕಾರ ಗಾಳಿಯ ಒತ್ತಡ ನೀರನ್ನು 34 ಅಡಿ ಎತ್ತಬಲ್ಲದು, ಅದರಾಚೆ ಎಂಥ ಮೋಟಾರಾದರೂ ಎಳೆಯಲಾರದು. ಹಾಗಿದ್ದರೆ ದಂಡೆಯ 60 ಅಡಿ ತೆಂಗು ಯಾವ ಮೋಟಾರು ಇಟ್ಟುಕೊಂಡಿದೆ?

ಇಲ್ಲಿ ನನಗೆ ಜಗದೀಶಚಂದ್ರ ಬೋಸರ ಮೇಲೆ ಸ್ವಲ್ಪ ಪಕ್ಷಪಾತ. ಕಾಂಡದೊಳಗಿನ ಜೀವಂತ ಕೋಶಗಳು ಹೃದಯದಂತೆ ಮಿಡಿದು ನೀರೆತ್ತುತ್ತವೆ ಎಂದು 1923ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎಷ್ಟು ಚೆಂದದ ಕಲ್ಪನೆ! ಆದರೆ ಅಷ್ಟರಲ್ಲಾಗಲೇ, 1890ರ ದಶಕದಲ್ಲಿ, ಸ್ಟ್ರಾಸ್‌ಬರ್ಗರ್ ಎಂಬ ಸಸ್ಯವಿಜ್ಞಾನಿ ಕಡಿದ ಮರಗಳ ಬುಡವನ್ನು ವಿಷದಲ್ಲಿ ಅದ್ದಿ ನೋಡಿಯಾಗಿತ್ತು. ವಿಷ ದಾರಿಯುದ್ದಕ್ಕೂ ಕೋಶಗಳನ್ನು ಕೊಲ್ಲುತ್ತಲೇ ತುದಿಯ ಎಲೆಯವರೆಗೆ ಏರಿತ್ತು. ಸತ್ತ ಕೋಶ ಮಿಡಿಯುವುದೆಲ್ಲಿ? 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಕೊಟ್ಟ ವಿವರಣೆಯೇ ಈಗಲೂ ನಿಂತಿದೆ. ಎಲೆಯಿಂದ ಆವಿಯಾಗುವ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ, ಅದು ತನ್ನ ಹಿಂದಿನದನ್ನು. ಬೇರಿನವರೆಗೂ ನೀರೇ ಹಗ್ಗ. ಆ ಹಗ್ಗದ ಬಿಗಿ ಗಾಳಿಯ ಒತ್ತಡದ 10–20 ಪಟ್ಟು. ಮೋಟಾರು ಮೇಲೆ ಇದೆ, ಕರೆಂಟು ಸೂರ್ಯನದು.

ಹಗ್ಗ ತುಂಡಾದರೆ? ಪೈಪಿನೊಳಗೆ ಗಾಳಿ ಹೊಕ್ಕರೆ ಪಂಪು ಒಣಗಿ ತಿರುಗುವ ಪಾಡೇ ಮರದ್ದೂ. ಅದಕ್ಕೇ ಮರ ಒಂದು ಪೈಪನ್ನು ನಂಬುವುದಿಲ್ಲ. ಸಾವಿರಾರು ಸಣ್ಣ ಕೊಳವೆ, ನಡುನಡುವೆ ಜರಡಿಯಂಥ ಕಿಂಡಿ. ಗಾಳಿ ಹೊಕ್ಕ ಕೊಳವೆಯನ್ನು ಅಲ್ಲೇ ಬಿಟ್ಟು ನೀರು ಪಕ್ಕದ ಕೊಳವೆ ಹಿಡಿಯುತ್ತದೆ. ಅಷ್ಟು ಜೋರಾಗಿ ಹೀರಿದರೂ ಕೊಳವೆ ಎಳನೀರಿನ ಸ್ಟ್ರಾ ಹಾಗೆ ಅಪ್ಪಚ್ಚಿಯಾಗದಿರಲು ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ಗಾರೆ ಬಳಿದಿರುತ್ತದೆ. ಸತ್ತ ಮೇಲೆಯೇ ಕೆಲಸಕ್ಕೆ ಬರುವ ಕೋಶಗಳು ಇವು.

ಆಚೆ ದಂಡೆಯಲ್ಲಿ ಕುಮಾರಪಟ್ಟಣದ ಚಿಮಣಿ ಕಾಣುತ್ತಿತ್ತು. ಜಿಲ್ಲೆ ಹಾವೇರಿಯಾದರೂ ಕಾರ್ಖಾನೆಯ ಹೆಸರು ಹರಿಹರ ಪಾಲಿಫೈಬರ್ಸ್. 1972ರಿಂದ ಅಲ್ಲಿ ನಡೆಯುತ್ತಿರುವುದು ಕ್ಸೈಲಂ ಬೇಯಿಸುವ ಕೆಲಸವೇ. ನೀಲಗಿರಿ ಮರವನ್ನು ಚೂರು ಮಾಡಿ, ರಾಸಾಯನಿಕದಲ್ಲಿ ಕುದಿಸಿ, ಆ ಲಿಗ್ನಿನ್ ಗಾರೆಯನ್ನು ಕರಗಿಸಿ ತೆಗೆದು, ಉಳಿದ ಸೆಲ್ಯುಲೋಸಿನಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುತ್ತಾರೆ. ಈ ಮರದ ಹಸಿವು ಊರುಗಳನ್ನೂ ಮುಟ್ಟಿತ್ತು. 1984ರಲ್ಲಿ ಸರ್ಕಾರ ಜಂಟಿ ಕಂಪನಿ ಮಾಡಿಕೊಂಡು ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿಗೆ ಕೊಡಲು ಹೊರಟಾಗ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು, ಶಿವರಾಮ ಕಾರಂತರು ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದರೆ ಆ ಭಾಗದ ಹಿರಿಯರಿಗೆ ಇವತ್ತಿಗೂ ನೆನಪಿದೆ.

ಸಂಜೆ ದಾವಣಗೆರೆಗೆ ಬಂದು ಎಪಿಎಂಸಿ ಅಂಗಳದಲ್ಲಿ ನಿಂತಾಗ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಗೋಣಿಚೀಲ ಕಂಡರೆ ಸೆಣಬು, ಅಂದರೆ ಫ್ಲೋಯಂನ ನಾರು. ಎದುರಿಗೆ ಬಂದವರ ರೇಯಾನ್ ಸೀರೆ ಕ್ಸೈಲಂ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಮಾಡಿದ ಹತ್ತಿ ಮಾತ್ರ ಎರಡೂ ಅಲ್ಲ, ಬೀಜದ ಕೂದಲು. ಇನ್ನು ಅಂಗಳದ ತುಂಬ ಸುರಿದ ಮೆಕ್ಕೆಜೋಳ? ಅದರ ಪ್ರತಿ ಕಾಳಿನ ಸಕ್ಕರೆಯೂ ಎಲೆಯಿಂದ ಫ್ಲೋಯಂ ಹಿಡಿದೇ ತೆನೆಗೆ ಬಂದದ್ದು. ನೀರಿನ ದಾರಿಯಲ್ಲಿ ಎಳೆತ, ಊಟದ ದಾರಿಯಲ್ಲಿ ತಳ್ಳಾಟ. ಎಲೆ ಸಕ್ಕರೆ ತುಂಬಿದ ಕಡೆ ಪಕ್ಕದ ಕ್ಸೈಲಂನಿಂದ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ, ಪಾಕ ಬೇಡಿಕೆ ಇರುವ ಕಡೆ ಹರಿಯುತ್ತದೆ, ಬೇರಿಗಾದರೆ ಕೆಳಗೆ, ತೆನೆಗಾದರೆ ಮೇಲಕ್ಕೆ. 1930ರಲ್ಲಿ ಇದನ್ನು ಹೇಳಿದ್ದು ಜರ್ಮನಿಯ ಅರಣ್ಯ ವಿಜ್ಞಾನಿ ಮ್ಯೂಂಶ್. ರುಜುವಾತಿಗೆ ನೆರವಾದದ್ದು ಗಿಡದ ಹೇನು. ಪಾಕ ಹೀರುತ್ತಿರುವ ಹೇನನ್ನು ಸೂಜಿಮೂತಿಯಷ್ಟೇ ಉಳಿಯುವಂತೆ ಕತ್ತರಿಸಿದರೆ, ಹೀರುವವರಿಲ್ಲದೆಯೂ ಅದರಿಂದ ಹನಿ ಜಿನುಗುತ್ತಲೇ ಇರುತ್ತದೆ.

ಅಜ್ಜನನ್ನು ಹೊರಡುವ ಮುಂಚೆ ಕೇಳಿದ್ದೆ, ಈಗ ಈ ಹಗ್ಗ ಕೊಳ್ಳುವವರು ಯಾರು ಎಂದು. “ಯಾರೂ ಇಲ್ರೀ. ನೈಲಾನ್ ಬಂದೈತಲ್ಲ, ಅದು ಕೊಳಿಯೋದೇ ಇಲ್ಲ. ನಮ್ಮನಿ ಎತ್ತಿಗೆ ಅಂತ ಮಾಡ್ತೀನಿ.”

ಕೊಳೆಯುವುದಿಲ್ಲ ಎಂಬುದೇ ತೊಂದರೆ. ದಾವಣಗೆರೆಯ ಬೀದಿಯಲ್ಲಿ ಮರುದಿನ ಒಂದು ಹೊಂಗೆ ನೋಡಿದೆ. ಯಾವಾಗಲೋ ಬ್ಯಾನರಿಗೆ ಬಿಗಿದ ನೈಲಾನ್ ಹಗ್ಗ, ಅದರ ಮೇಲೊಂದು ಕಬ್ಬಿಣದ ತಂತಿ. ತಂತಿಯ ಮೇಲೆ ಕಾಂಡ ಗಂಟಲುಮಾಲೆಯಂತೆ ಊದಿತ್ತು, ಕೆಳಗೆ ಸಣಕಲು. ತೊಗಟೆಯ ಒಂದು ಉಂಗುರ ತೆಗೆದರೆ ಮೇಲ್ಭಾಗ ಊದಿಕೊಳ್ಳುವುದನ್ನು ಇಟಲಿಯ ಮಾಲ್ಪೀಗಿ 17ನೇ ಶತಮಾನದಲ್ಲೇ ಕಂಡಿದ್ದ. ಇಲ್ಲಿ ಅದೇ ಪ್ರಯೋಗ ಬಿಟ್ಟಿಯಾಗಿ ನಡೆದಿತ್ತು. ಒಳಗಿನ ನೀರು ಏರುತ್ತಲೇ ಇರುವುದರಿಂದ ಎಲೆ ಹಸಿರಾಗಿಯೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಊಟ ಕೆಳಗಿಳಿಯದೆ ಬೇರು ಮಾತ್ರ ಉಪವಾಸ ಬೀಳುತ್ತದೆ. ಪುಂಡಿ ಹಗ್ಗವಾಗಿದ್ದರೆ ಒಂದೆರಡು ಮಳೆಗಾಲದಲ್ಲಿ ತಾನೇ ಲಡ್ಡಾಗಿ ಉದುರಿರುತ್ತಿತ್ತು.

ನಿಮ್ಮ ಮನೆ ಮುಂದಿನ ಮರವನ್ನು ಈ ಭಾನುವಾರ ಒಂದು ಸುತ್ತು ಬಂದು ನೋಡಿ. ತಂತಿಯೋ ಹಗ್ಗವೋ ಇದ್ದರೆ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕತ್ತರಿಸಿ. ತೊಗಟೆಯೊಳಗೆ ಹೂತುಹೋಗಿದ್ದರೆ ಎಳೆಯಲು ಹೋಗಬೇಡಿ, ಹೊರಗೆ ಕಾಣುವಷ್ಟನ್ನು ತುಂಡು ಮಾಡಿ ಉಳಿದದ್ದನ್ನು ಹಾಗೇ ಬಿಡಿ.