ಕಣ ಕಾಯುವ ಕ್ಯಾಮೆರಾ ಕೈಕೊಟ್ಟಾಗ

ಕ್ಯಾಮೆರಾದ ನೇರ ಚಿತ್ರಕ್ಕೂ ಕಾಫಿಗೂ ಇರುವ ನಂಟು ಹಳೆಯದು. 1991ರ ಸುಮಾರಿಗೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಬೇರೆ ಬೇರೆ ಕೊಠಡಿಗಳಿಂದ ಕಾಫಿಗೆಂದು ನಡೆದು ಬಂದವರಿಗೆ ಎಷ್ಟೋ ಸಲ ಬರಿದಾದ ಪಾತ್ರೆಯೇ ಸಿಗುತ್ತಿತ್ತು. ಈ ವ್ಯರ್ಥ ಓಡಾಟ ತಪ್ಪಿಸಲು ಅವರು ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ನಿಲ್ಲಿಸಿ, ಅದರ ಚಿತ್ರ ತಮ್ಮ ತಮ್ಮ ಕಂಪ್ಯೂಟರಿಗೆ ಬರುವಂತೆ ಮಾಡಿಕೊಂಡರು. 1993ರಲ್ಲಿ ಅದು ಅಂತರ್ಜಾಲದ ಮೂಲಕ ಜಗತ್ತಿಗೆಲ್ಲ ಕಾಣಿಸಿತು. 2001ರ ಆಗಸ್ಟಿನಲ್ಲಿ ನಿಂತಿತು.

ಪಾತ್ರೆಯಲ್ಲಿ ಕಾಫಿ ಇದೆಯೆಂದು ನಂಬಿ ಮೋಸಹೋದರೆ ಒಂದು ಲೋಟದ ನಷ್ಟ. ಕಣದಲ್ಲಿ ಕಾಫಿ ಇದೆಯೆಂದು ನಂಬಿ ಮೋಸಹೋದರೆ ವರ್ಷದ ದುಡಿಮೆಯೇ ನಷ್ಟ. ಕಳೆದ ಜನವರಿಯಲ್ಲಿ ನಮ್ಮ ಸಂಘದ ಕಣದಲ್ಲಿ ಆದದ್ದು ಇದೇ. ಅನೇಕ ಸದಸ್ಯ ಬಂಧುಗಳು ಈಗ ಅಡಿಕೆ ಅಂಗಳಕ್ಕೂ ಕಾಫಿ ಕಣಕ್ಕೂ ಕ್ಯಾಮೆರಾ ಹಾಕಿಸುತ್ತಿರುವುದರಿಂದ, ನಡೆದುದನ್ನು ಮುಚ್ಚಿಡದೆ ಇಲ್ಲಿ ತಿಳಿಸುತ್ತಿದ್ದೇನೆ.

ಇಂಜಿನಿಯರಿಂಗ್ ಓದುತ್ತಿರುವ ಸದಸ್ಯರೊಬ್ಬರ ಮಗ ನಮಗೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಇದಕ್ಕೆ ಬಳಸಿದ್ದು ಓಪನ್‌ಸಿವಿ. ಇಂಟೆಲ್ ಕಂಪೆನಿಯಲ್ಲಿ 1999ರಲ್ಲಿ ಆರಂಭವಾದ, ಎಲ್ಲರಿಗೂ ಉಚಿತವಾಗಿ ಸಿಗುವ ಸಾಧನ ಅದು. ಕ್ಯಾಮೆರಾದಿಂದ ಬರುವ ಪ್ರತಿ ಚಿತ್ರವನ್ನೂ ಅದರ ಹಿಂದಿನ ಚಿತ್ರದೊಡನೆ ಹೋಲಿಸುವುದು, ರಾತ್ರಿ ಹೊತ್ತು ದೊಡ್ಡ ವ್ಯತ್ಯಾಸ ಕಂಡರೆ ಕಾವಲಿನ ಶೆಡ್ಡಿನಲ್ಲಿ ಗಂಟೆ ಬಾರಿಸುವುದು, ಇಷ್ಟೇ ಅದರ ಕೆಲಸ. ಎರಡು ತಿಂಗಳು ಚೆನ್ನಾಗಿ ನಡೆಯಿತು.

ಒಂದು ರಾತ್ರಿ ಕರೆಂಟು ಹೋಗಿ ಬಂತು. ಬೆಳಗ್ಗೆ ಏಳಕ್ಕೆ ಕಚೇರಿಗೆ ಬಂದು ನೋಡಿದರೆ ಹೊರಗೆ ಬಿಸಿಲು, ಪರದೆಯಲ್ಲಿ ಇನ್ನೂ ರಾತ್ರಿ! ಪರದೆಯ ಮೇಲೆ ಟಾರ್ಪಾಲು ಹೊದ್ದ ಚೆರಿ ಕಾಫಿಯ ರಾಶಿ ಭದ್ರವಾಗಿತ್ತು. ಕಣದಲ್ಲಿ ಟಾರ್ಪಾಲು ಸರಿದು, ಮೂರು ಮೂಟೆಯಷ್ಟು ಕಾಫಿ ಕಾಣೆಯಾಗಿತ್ತು. ಕೂಡಲೆ ಎಲ್ಲರ ಕಣ್ಣೂ ಹನ್ನೊಂದು ವರ್ಷದಿಂದ ನಮ್ಮಲ್ಲಿರುವ ಕಾವಲಿನವನ ಮೇಲೆ ಬಿತ್ತು. "ಅಯ್ಯಾ, ಗಂಟೆ ಹೊಡ್ಕೊಳ್ಳೇ ಇಲ್ಲ" ಎಂದು ಅವನು ಹೇಳಿದ್ದನ್ನು ನಾನೂ ಮೊದಲು ನಂಬಲಿಲ್ಲ. ಅವನನ್ನು ಉಳಿಸಿದ್ದು ಚಿತ್ರದ ಮೂಲೆಯಲ್ಲಿದ್ದ ಗಡಿಯಾರ. ಅದು 1 ಗಂಟೆ 40 ನಿಮಿಷಕ್ಕೇ ನಿಂತುಹೋಗಿತ್ತು.

ಕಾರಣ ಹುಡುಕಿದಾಗ ತಿಳಿದುದು ಇಷ್ಟು. ಕಂಪ್ಯೂಟರಿಗೆ ಯುಪಿಎಸ್ ಇತ್ತು. ಕ್ಯಾಮೆರಾಕ್ಕೂ ರೂಟರಿಗೂ ಇರಲಿಲ್ಲ. ಕರೆಂಟು ಮರಳಿದ ಮೇಲೆ ರೂಟರು ಕ್ಯಾಮೆರಾಕ್ಕೆ ಹೊಸ ವಿಳಾಸ ಕೊಟ್ಟಿತು. ಪ್ರೋಗ್ರಾಂ ಹಳೆಯ ಸಂಪರ್ಕವನ್ನೇ ನೆಚ್ಚಿಕೊಂಡಿತ್ತು. ಓಪನ್‌ಸಿವಿಯ 'ರೀಡ್' ಆಜ್ಞೆ ಪ್ರತಿ ಸಲವೂ ಎರಡು ಉತ್ತರ ಕೊಡುತ್ತದೆ: ಚಿತ್ರ ಬಂತೇ ಇಲ್ಲವೇ ಎಂಬುದು ಒಂದು, ಚಿತ್ರ ಇನ್ನೊಂದು. 'ಬರಲಿಲ್ಲ' ಎಂದಾಗ ಸುಮ್ಮನೆ ಮತ್ತೆ ಪ್ರಯತ್ನಿಸು ಎಂದಷ್ಟೇ ಹುಡುಗ ಬರೆದಿದ್ದ. ಹೊಸ ಚಿತ್ರ ಬಾರದೆ ಪರದೆಯ ಮೇಲೆ ಕೊನೆಯ ಚಿತ್ರವೇ ಉಳಿಯಿತು. ಹೋಲಿಸಲು ಏನೂ ಇಲ್ಲದೆ ಗಂಟೆಯೂ ಬಾರಿಸಲಿಲ್ಲ. ಸತ್ತ ಕ್ಯಾಮೆರಾ ಮತ್ತು ಶಾಂತವಾದ ಕಣ, ಎರಡೂ ನಮ್ಮ ಪ್ರೋಗ್ರಾಮಿಗೆ ಒಂದೇ ಆಗಿದ್ದವು.

ನಮ್ಮ ಅನುಭವದಿಂದ ಕಂಡುಕೊಂಡ, ದೋಷ ಹುಡುಕುವ ಕ್ರಮವನ್ನು ಸದಸ್ಯರ ಉಪಯೋಗಕ್ಕಾಗಿ ಕೆಳಗೆ ಕೊಡಲಾಗಿದೆ.

1. ಮೊದಲು ಪ್ರೋಗ್ರಾಮನ್ನು ಬದಿಗಿಟ್ಟು, ಅದೇ ಕಂಪ್ಯೂಟರಿನಲ್ಲಿ ವಿಎಲ್‌ಸಿಯಂಥ ಬೇರೆ ಸಾಧನದಿಂದ ಕ್ಯಾಮೆರಾ ತೆರೆದು ನೋಡಿ. ಅಲ್ಲಿ ಚಿತ್ರ ಬಂದರೆ ದೋಷ ಪ್ರೋಗ್ರಾಮಿನಲ್ಲಿದೆ. ಅಲ್ಲಿಯೂ ಬಾರದಿದ್ದರೆ ಪ್ರೋಗ್ರಾಂ ತಿದ್ದುವುದರಿಂದ ಪ್ರಯೋಜನವಿಲ್ಲ. ಕರೆಂಟು, ಕೇಬಲು, ವಿಳಾಸ ಇವುಗಳನ್ನು ಪರೀಕ್ಷಿಸಿ. ನೆಟ್‌ವರ್ಕ್ ಕೇಬಲು 100 ಮೀಟರಿಗೂ, ಸಾಮಾನ್ಯ ಯುಎಸ್‌ಬಿ ಕೇಬಲು 5 ಮೀಟರಿಗೂ ಮೀರಬಾರದು.

2. ಕ್ಯಾಮೆರಾದ ವಿಳಾಸ ಬದಲಾಗದಂತೆ ರೂಟರಿನಲ್ಲಿಯೇ ಕಾಯಂ ಮಾಡಿಸಿ. ಪಾಸ್‌ವರ್ಡಿನಲ್ಲಿ @ ಚಿಹ್ನೆ ಇದ್ದರೆ, ವಿಳಾಸದ ಸಾಲಿನಲ್ಲಿ ಅದನ್ನು %40 ಎಂದು ಬರೆಯಬೇಕು.

3. ಯುಎಸ್‌ಬಿ ಕ್ಯಾಮೆರಾ ತೆರೆಯದಿದ್ದರೆ ಬೇರೆ ಯಾವುದಾದರೂ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆಯೇ ನೋಡಿ. ಕ್ಯಾಮೆರಾದ ಕ್ರಮಸಂಖ್ಯೆ 0 ಎಂದು ಕೊಟ್ಟಲ್ಲಿ 1 ಎಂದೂ ಕೊಟ್ಟು ನೋಡಿ.

4. ಚಿತ್ರ ತಡವಾಗಿ ಬರುತ್ತಿದ್ದರೆ ಲೆಕ್ಕ ಹಾಕಿ. ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಕಳಿಸಿ, ಪ್ರೋಗ್ರಾಂ 5ನ್ನು ಮಾತ್ರ ಪರಿಶೀಲಿಸಿದರೆ ಉಳಿದವು ಸರದಿಯಲ್ಲಿ ನಿಲ್ಲುತ್ತವೆ. ನಾವು ನೋಡುವುದು ಹಳೆಯ ಚಿತ್ರವಾಗುತ್ತದೆ. ಚಿತ್ರ ಪಡೆಯುವ ಕೆಲಸವನ್ನು ಪರಿಶೀಲನೆಯಿಂದ ಬೇರ್ಪಡಿಸಿ, ಕಟ್ಟಕಡೆಯ ಚಿತ್ರವನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬಿಡುವಂತೆ ಬರೆಯಿಸಬೇಕು.

5. ಬಣ್ಣ ಅದಲುಬದಲಾದರೆ ಕ್ಯಾಮೆರಾ ಕೆಟ್ಟಿತೆಂದು ಭಾವಿಸಬೇಡಿ. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ; ಬೇರೆ ಹಲವು ಸಾಧನಗಳಲ್ಲಿ ಕೆಂಪು ಮೊದಲು. ಈ ಕ್ರಮ ತಪ್ಪಿದಾಗ ಹಣ್ಣಾದ ಕೆಂಪು ಕಾಫಿ ನೀಲಿಯಾಗಿ ಕಾಣುತ್ತದೆ. ಹಣ್ಣು ಕಾಯಿ ಬೇರ್ಪಡಿಸುವ ಪ್ರೋಗ್ರಾಂ ಬರೆಯುವವರು ಇದನ್ನು ಮರೆಯಬಾರದು.

6. ರಾತ್ರಿ ಗಂಟೆ ಸುಮ್ಮಸುಮ್ಮನೆ ಬಾರಿಸುತ್ತಿದ್ದರೆ ಏಣಿ ಹತ್ತಿ ಕ್ಯಾಮೆರಾದ ಗಾಜು ಒರೆಸಿ. ಕತ್ತಲೆಯಲ್ಲಿ ಕಾಣಲೆಂದು ಕ್ಯಾಮೆರಾ ಬೀರುವ ಬೆಳಕು ಜೇಡರ ಬಲೆಯ ಮೇಲೆ ಬಿದ್ದರೆ, ಗಾಳಿಗೆ ಅಲುಗುವ ಒಂದು ಎಳೆಯೂ ಕಳ್ಳನಂತೆ ಕಾಣುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಒಂದಿದೆ. ಹತ್ತು ಸೆಕೆಂಡು ಹೊಸ ಚಿತ್ರ ಬಾರದಿದ್ದರೆ ಆಗಲೂ ಗಂಟೆ ಬಾರಿಸಬೇಕು. ಚಿತ್ರ ಬರುತ್ತಿದ್ದರೂ ಅದರಲ್ಲಿ ಒಂದು ಚುಕ್ಕೆಯೂ ಬದಲಾಗದಿದ್ದರೆ ಆಗಲೂ ಬಾರಿಸಬೇಕು. ಏಕೆಂದರೆ, ಎಲೆ ಅಲುಗದ ರಾತ್ರಿಯಲ್ಲೂ ನಿಜವಾದ ಕ್ಯಾಮೆರಾದ ಚಿತ್ರದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಹುಡುಗ ಈಗ ಹಾಗೆ ತಿದ್ದಿಕೊಟ್ಟಿದ್ದಾನೆ. ರೂಟರಿಗೂ ಕ್ಯಾಮೆರಾಕ್ಕೂ ಬ್ಯಾಟರಿ ಒದಗಿಸಲಾಗಿದೆ. ಪ್ರತಿ ಶನಿವಾರ ಸಂಜೆ ಕಾವಲಿನವನೇ ರೂಟರಿನ ತಂತಿ ಕಿತ್ತು, ಗಂಟೆ ಬಾರಿಸುವುದನ್ನು ಕೇಳಿಸಿಕೊಂಡು ಪುಸ್ತಕದಲ್ಲಿ ಬರೆದಿಡುತ್ತಾನೆ.

ಹೋದ ಕಾಫಿ ಮರಳಿ ಬರಲಿಲ್ಲ. ಸಂಶಯಪಟ್ಟುದಕ್ಕಾಗಿ ಆಡಳಿತ ಮಂಡಳಿಯ ಪರವಾಗಿ ನಾನು ಅವನ ಕ್ಷಮೆ ಕೇಳಿದ್ದೇನೆ. ಕ್ಯಾಮೆರಾ ಬಂದಿತೆಂದು ಯಾರೂ ಕಾವಲಿನವರನ್ನು ಬಿಡಿಸಬಾರದೆಂದೂ, ಪರದೆ ನೋಡುವಾಗ ರಾಶಿಗಿಂತ ಮೊದಲು ಮೂಲೆಯ ಗಡಿಯಾರ ನೋಡಬೇಕೆಂದೂ ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ.