ಒಡೆಯದೆ ಸಾಗಿಸಿದರೆ ಕಡತ ಕ್ಷೇಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟ ಸೇರಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಿಯವರೆಗೆ ಕಾಯಿ ಒಡೆಯುವಂತಿಲ್ಲ. ಒಡೆದರೆ ಉಂಡೆಯ ಆಸೆ ಬಿಟ್ಟಂತೆಯೇ. ಕಂಪ್ಯೂಟರಿನ ಕೆಲವು ಕಡತಗಳ ಹಣೆಬರಹವೂ ಹೀಗೆಯೇ.

ಅಂಕಪಟ್ಟಿಗಳ ಚಿತ್ರಗಳನ್ನು ಒಟ್ಟುಗೂಡಿಸಿ ಕುಗ್ಗಿಸಲು ವಿದ್ಯಾರ್ಥಿಯೊಬ್ಬ ಎರಡು ಆದೇಶಗಳನ್ನು ಪೈಪ್‌ನಿಂದ ಜೋಡಿಸಿದನೆನ್ನಿ. ಒಂದು ಹೊರಹಾಕಿದ್ದನ್ನು ಮತ್ತೊಂದು ಒಳಗೆಳೆದುಕೊಳ್ಳುವ ಈ ಏರ್ಪಾಡು ಯುನಿಕ್ಸ್‌ಗೆ ಬಂದದ್ದು 1973ರಲ್ಲಿ. ಡಗ್ಲಸ್ ಮೆಕಿಲ್ರಾಯ್ ಅವರ ಕಲ್ಪನೆ, ಕೆನ್ ಥಾಂಪ್ಸನ್ ಅವರ ಕೈಕೆಲಸ. ಕೆಲಸ ಮುಗಿಯಿತು, ದೋಷದ ಸೂಚನೆಯೂ ಇಲ್ಲ. ಹುಡುಗ ಮೂಲ ಚಿತ್ರಗಳನ್ನು ಅಳಿಸಿದ. ಕಾಲೇಜಿನ ಅರ್ಜಿಯ ಕೊನೆಯ ದಿನ ನೋಡಿದರೆ ಕಡತ ಬಿಚ್ಚಿಕೊಳ್ಳದು! ಏನಾಯಿತು?

ಟೈಪ್‌ರೈಟರ್ ಕಾಲದ ಋಣ

ಟೈಪ್‌ರೈಟರ್ ಬಳಸಿದ ಹಿರಿಯರಿಗೆ ಗೊತ್ತು: ಸಾಲು ಮುಗಿದಾಗ ಗಾಡಿ ಮೊದಲ ಜಾಗಕ್ಕೆ ಮರಳಬೇಕು, ಹಾಳೆ ಒಂದು ಸಾಲು ಸರಿಯಬೇಕು. ಟೆಲಿಟೈಪ್ ಯಂತ್ರಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಕೇತ: 13 ಮತ್ತು 10. ವಿಂಡೋಸ್ ಎರಡನ್ನೂ ಉಳಿಸಿಕೊಂಡಿದೆ. ಯುನಿಕ್ಸ್, ಲಿನಕ್ಸ್‌ಗಳಿಗೆ 10 ಒಂದೇ ಸಾಕು.

ಹೀಗಾಗಿ ವಿಂಡೋಸ್‌ನಲ್ಲಿ ಪಠ್ಯ ವಿಧಾನದಿಂದ ಬರೆಯುವ ಪ್ರೋಗ್ರಾಂ 10 ಕಂಡಲ್ಲೆಲ್ಲ ಅದರ ಹಿಂದೆ 13 ಸೇರಿಸುತ್ತದೆ. ಪತ್ರಕ್ಕೆ ಇದು ಉಪಕಾರ, ಚಿತ್ರಕ್ಕೆ ಅಪಕಾರ. ಬೈಟ್‌ಗೆ 256 ಬೆಲೆಗಳಿರುವುದರಿಂದ 200 ಕಿಲೋಬೈಟ್‌ನ ಚಿತ್ರದಲ್ಲಿ 10 ಎಂಬುದು ಸುಮಾರು 800 ಕಡೆ ಸಿಕ್ಕೀತು. ಅಷ್ಟೂ ಕಡೆ ಕಲಬೆರಕೆ! ಪಠ್ಯ ವಿಧಾನದಲ್ಲಿ ಓದುವಾಗ 26 ಎದುರಾದರೆ ಕಡತ ಅಲ್ಲಿಗೇ ಮುಗಿಯಿತೆಂದು ತಿಳಿಯುವ ಪ್ರೋಗ್ರಾಂಗಳೂ ಉಂಟು.

1996ರಲ್ಲಿ ಬಂದ ಪಿಎನ್‌ಜಿ ಚಿತ್ರವಿನ್ಯಾಸದ ಮೊದಲ ಎಂಟು ಬೈಟುಗಳು 137, 80, 78, 71, 13, 10, 26, 10. ದಾರಿಯಲ್ಲಿ ಯಾರಾದರೂ ಕೈಯಾಡಿಸಿದರೆ ಮೊದಲ ನೋಟಕ್ಕೇ ಗೊತ್ತಾಗಲೆಂದು ಬೇಕೆಂದೇ ಹೀಗೆ ಇಟ್ಟಿದ್ದಾರೆ.

ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1ರದು ಇನ್ನೊಂದು ಪೇಚು. ಪೈಪ್‌ನಲ್ಲಿ ಹರಿಯುವ ಬೈಟುಗಳನ್ನು ಅದು ಅಕ್ಷರಗಳೆಂದು ಓದಿ, ಮತ್ತೆ ಬೈಟುಗಳಾಗಿ ಬರೆಯುತ್ತದೆ. ಕನ್ನಡಕ್ಕೂ ಇದರಿಂದ ಪೆಟ್ಟು. ಯುಟಿಎಫ್-8ರಲ್ಲಿ 'ತಿಪಟೂರು' ಎಂಬ ಪದಕ್ಕೆ 21 ಬೈಟುಗಳು ಬೇಕು. ಅವನ್ನು ಬೇರೆ ಸಂಕೇತಪಟ್ಟಿ ಹಿಡಿದು ಓದಿದರೆ ಊರಿನ ಹೆಸರೇ ಮಾಯ. 2023ರಲ್ಲಿ ಬಂದ 7.4ನೇ ಆವೃತ್ತಿ ಹೊರಗಿನ ಪ್ರೋಗ್ರಾಂಗಳ ನಡುವೆ ಬೈಟುಗಳನ್ನು ಇದ್ದಂತೆಯೇ ಸಾಗಿಸುತ್ತದೆ.

ಏನು ಮಾಡಬೇಕು?

* ಚಿತ್ರ, ಧ್ವನಿ, ಕುಗ್ಗಿಸಿದ ಕಡತಗಳನ್ನು ಬೈನರಿ ವಿಧಾನದಲ್ಲೇ ತೆರೆಯಿರಿ. ಸಿ, ಪೈಥಾನ್ ಭಾಷೆಗಳಲ್ಲಿ ಓದಲು 'ಆರ್‌ಬಿ', ಬರೆಯಲು 'ಡಬ್ಲ್ಯೂಬಿ'.
* ಹಳೆಯ ಪವರ್‌ಶೆಲ್ ಆದರೆ ಪೈಪ್ ಬಿಟ್ಟು, ಫಲಿತಾಂಶದ ಕಡತದ ಹೆಸರನ್ನು ಪ್ರೋಗ್ರಾಂಗೇ ಕೊಡಿ.
* ಕುಗ್ಗಿಸಿದ್ದನ್ನು ಬೇರೆಡೆ ಬಿಚ್ಚಿ, ಮೂಲದೊಂದಿಗೆ ತಾಳೆ ನೋಡಿ. ಲಿನಕ್ಸ್‌ನ 'ಎಸ್‌ಎಚ್‌ಎ256ಸಮ್', ವಿಂಡೋಸ್‌ನ 'ಸರ್ಟ್‌ಯುಟಿಲ್' ಎರಡೂ ಕಡತದ ಬೆರಳಚ್ಚು ತೆಗೆದುಕೊಡುತ್ತವೆ. ಒಂದು ಬೈಟ್ ಬದಲಾದರೂ ಬೆರಳಚ್ಚು ಬೇರೆ.

ಅಟ್ಟದ ಕಾಯನ್ನು ಅಲ್ಲಾಡಿಸಿ ನೋಡಿಯೇ ಸುಲಿಯಲು ಇಳಿಸುವುದು ವಾಡಿಕೆ. ಮಕ್ಕಳ ಅಂಕಪಟ್ಟಿಯ ಮೂಲಪ್ರತಿಗೂ ಅಷ್ಟು ತಾಳ್ಮೆ ಇರಲಿ. ತಾಳೆಯಾದ ಮೇಲೆಯೇ ಅಳಿಸುವ ಮಾತು.