ಮುದ್ರಣ ಸೇವೆ ಸಿದ್ಧವಿರಲಿ, ಜಾಲಕ್ಕೆ ತೆರೆದಿರುವುದು ಬೇಡ

ಲಿನಕ್ಸ್ ಎಂಬುದು ಕಟ್ಟುನಿಟ್ಟಾದ ಅರ್ಥದಲ್ಲಿ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ, ಅಂದರೆ ಕರ್ನಲ್‌ಗೆ, ಇರುವ ಹೆಸರು. ಅದರ ಸುತ್ತ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ ಬಳಕೆಗೆ ಒದಗುವಂತೆ ಮಾಡಿದ ಉಬುಂಟು, ಡೆಬಿಯನ್, ಫೆಡೋರಾ, ಆರ್ಚ್ ಮೊದಲಾದವುಗಳನ್ನು ವಿತರಣೆಗಳೆಂದು ಕರೆಯುತ್ತಾರೆ. ಯಾವ ತಂತ್ರಾಂಶ ಮೊದಲೇ ಅಳವಟ್ಟಿರಬೇಕು, ಯಾವುದು ಯಂತ್ರ ಚಾಲೂ ಆದೊಡನೆ ತಾನಾಗಿ ಕೆಲಸಕ್ಕೆ ತೊಡಗಬೇಕು ಎಂಬುದನ್ನು ಗೊತ್ತುಮಾಡುವವರು ಈ ವಿತರಣೆಗಳ ನಿರ್ವಾಹಕರು. ಬಳಕೆದಾರರಲ್ಲಿ ಹೆಚ್ಚಿನವರು ಆ ತೀರ್ಮಾನವನ್ನು ಬದಲಿಸುವುದಿರಲಿ, ಅಂಥದೊಂದು ತೀರ್ಮಾನ ಆಗಿದೆಯೆಂಬುದನ್ನೂ ಗಮನಿಸುವುದಿಲ್ಲ. ಮುದ್ರಣ ಸೌಲಭ್ಯವು ಪ್ರತಿ ಲಿನಕ್ಸ್ ಯಂತ್ರದಲ್ಲೂ ಮೊದಲಿನಿಂದಲೇ ಸಕ್ರಿಯವಾಗಿರಬೇಕೇ ಎಂಬ ಪ್ರಶ್ನೆಗೆ ತೂಕ ಬರುವುದು ಈ ಕಾರಣದಿಂದ.

ಇಂದು ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲಿ ಮುದ್ರಣದ ಹೊಣೆ ಹೊತ್ತಿರುವ ತಂತ್ರಾಂಶ ಕಪ್ಸ್. ಯೂನಿಕ್ಸ್ ಪರಂಪರೆಯ ಹಳೆಯ ಮುದ್ರಣ ವ್ಯವಸ್ಥೆಗಳು ಸಾದಾ ಅಕ್ಷರಗಳನ್ನು ಸಾಲುಸಾಲಾಗಿ ಒತ್ತುವ ಪ್ರಿಂಟರುಗಳ ಕಾಲಕ್ಕೆ ಹೊಂದಿಕೊಂಡಿದ್ದವು. ಅವುಗಳಿಗೆ ಬದಲಿಯಾಗಿ ಮೈಕೆಲ್ ಸ್ವೀಟ್ 1997ರಲ್ಲಿ ರೂಪಿಸತೊಡಗಿದ ಕಪ್ಸ್ 1999ರಲ್ಲಿ ಬಿಡುಗಡೆಯಾಯಿತು. 2002ರಲ್ಲಿ ಆಪಲ್ ಸಂಸ್ಥೆ ಇದನ್ನು ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ಅಳವಡಿಸಿಕೊಂಡಿತು, 2007ರಲ್ಲಿ ಅದರ ಹಕ್ಕುಗಳನ್ನು ಕೊಂಡಿತು. ಲಿನಕ್ಸ್ ಜಗತ್ತಿಗಾಗಿ ಅದನ್ನು ಈಗ ಓಪನ್‌ಪ್ರಿಂಟಿಂಗ್ ಎಂಬ ಸಮುದಾಯ ಬೆಳೆಸುತ್ತಿದೆ. ಮುದ್ರಣಕ್ಕೆ ಬಂದ ಕಡತಗಳನ್ನು ಸರದಿಯಲ್ಲಿ ನಿಲ್ಲಿಸುವುದು, ಪ್ರತಿಯೊಂದನ್ನೂ ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ಪರಿವರ್ತಿಸುವುದು, ಬಳಿಕ ಯುಎಸ್‌ಬಿ ತಂತಿ ಅಥವಾ ಜಾಲದ ಮೂಲಕ ಕಳುಹಿಸುವುದು ಕಪ್ಸ್‌ನ ಕೆಲಸ. ಪರಿವರ್ತನೆಯ ಕೆಲಸ ಮಾಡುವ ಕಿರುತಂತ್ರಾಂಶಗಳಿಗೆ ಫಿಲ್ಟರುಗಳೆಂದು ಹೆಸರು.

ಈ ಸೇವೆ ಸದಾ ಎಚ್ಚರವಾಗಿರುವುದರಲ್ಲಿ ಅಡಗಿದ್ದ ಅಪಾಯವು 2024ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಇಟಲಿಯ ಭದ್ರತಾ ಸಂಶೋಧಕ ಸಿಮೋನೆ ಮಾರ್ಗರಿಟೆಲ್ಲಿ ಪ್ರಕಟಿಸಿದ ದೋಷಗಳ ಕೇಂದ್ರದಲ್ಲಿದ್ದುದು ಕಪ್ಸ್ ಅಲ್ಲ, ಜಾಲದಲ್ಲಿರುವ ಪ್ರಿಂಟರುಗಳನ್ನು ಹುಡುಕಿಕೊಡುವ ಕಪ್ಸ್-ಬ್ರೌಸ್ಡ್ ಎಂಬ ಜೊತೆಗಾರ ಸೇವೆ. ಅದು 631ನೇ ಪೋರ್ಟಿನಲ್ಲಿ, ಅಂದರೆ ಜಾಲದ ಸಂದೇಶಗಳನ್ನು ಬರಮಾಡಿಕೊಳ್ಳುವ ಸಂಖ್ಯಾಂಕಿತ ದ್ವಾರದಲ್ಲಿ, ಯಾರಿಂದ ಬಂದ ಸಂದೇಶವನ್ನಾದರೂ ನಂಬುತ್ತಿತ್ತು. ದುರುದ್ದೇಶದ ವ್ಯಕ್ತಿಯೊಬ್ಬ ‘ಇಲ್ಲೊಂದು ಪ್ರಿಂಟರ್ ಇದೆ’ ಎಂಬ ಸುಳ್ಳು ಸಂದೇಶ ಕಳುಹಿಸಿದರೆ ಯಂತ್ರವು ತಾನಾಗಿ ಅವನನ್ನು ಸಂಪರ್ಕಿಸಿ, ಅವನು ಕೊಟ್ಟ ವಿವರಗಳನ್ನು ಪರಿಶೀಲಿಸದೆ ಪ್ರಿಂಟರಿನ ವಿವರಣಾ ಕಡತದಲ್ಲಿ ಬರೆದುಕೊಳ್ಳುತ್ತಿತ್ತು. ಬಳಕೆದಾರನು ಮುಂದೆಂದಾದರೂ ಆ ಹುಸಿ ಪ್ರಿಂಟರಿಗೆ ಮುದ್ರಣಾದೇಶ ಕೊಟ್ಟಾಗ, ಕಡತದಲ್ಲಿ ಹುದುಗಿಸಿದ್ದ ಆಜ್ಞೆಯನ್ನು ಫಿಲ್ಟರೊಂದು ನಡೆಸಿಬಿಡುತ್ತಿತ್ತು. ಬಳಕೆದಾರನ ಮುದ್ರಣಾದೇಶವಿಲ್ಲದೆ ದಾಳಿ ಪೂರ್ಣವಾಗುತ್ತಿರಲಿಲ್ಲ, ತಿದ್ದುಪಡಿಗಳೂ ಬೇಗನೆ ಬಂದವು ಎಂಬುದು ನಿಜ. ಆದರೆ ಆ ದ್ವಾರದಲ್ಲಿ ಕಾಯುತ್ತಿದ್ದುದು ಕಪ್ಸ್‌ನ ಹಳೆಯದೊಂದು ಹುಡುಕಾಟ ವಿಧಾನ. ಮೂಲ ಕಪ್ಸ್ ಆ ವಿಧಾನವನ್ನು 2012ರಲ್ಲೇ ಕೈಬಿಟ್ಟಿತ್ತು. ಬೇಡವಾದುದು ಹನ್ನೆರಡು ವರ್ಷ ಅನೇಕ ಯಂತ್ರಗಳಲ್ಲಿ ಉಳಿದುದಕ್ಕೆ, ಮೊದಲಿನಿಂದ ಚಾಲೂ ಇರುವುದನ್ನು ಯಾರೂ ಪ್ರಶ್ನಿಸದಿರುವುದೇ ಮುಖ್ಯ ಕಾರಣ.

ಇದು ಲಿನಕ್ಸ್‌ಗೆ ಮಾತ್ರ ಸೀಮಿತವಾದ ದೌರ್ಬಲ್ಯವಲ್ಲ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡಲು ಬಳಸಿಕೊಂಡ ದಾರಿಗಳಲ್ಲಿ ವಿಂಡೋಸ್‌ನ ಮುದ್ರಣ ಸೇವೆಯೂ ಒಂದು; 2021ರಲ್ಲಿ ಅದೇ ಸೇವೆಯಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೋಷ ಕಂಡುಬಂತು. ಎಂದೂ ಒಂದು ಹಾಳೆಯನ್ನೂ ಮುದ್ರಿಸದ ಸರ್ವರುಗಳು ಕೂಡ ಮುದ್ರಣ ಸೇವೆ ಚಾಲೂ ಇದ್ದ ಒಂದೇ ಕಾರಣಕ್ಕೆ ಅಪಾಯಕ್ಕೆ ಒಡ್ಡಿಕೊಂಡವು.

ಹಾಗೆಂದು ಸೌಲಭ್ಯವನ್ನೇ ತೆಗೆದುಹಾಕುವುದು ಪರಿಹಾರವಲ್ಲ. ಆರ್ಚ್‌ನಲ್ಲಿ ಬಳಕೆದಾರನೇ ಕಪ್ಸ್ ಅಳವಡಿಸಿ ಚಾಲೂ ಮಾಡಬೇಕು. ತನ್ನ ಯಂತ್ರವನ್ನು ತಾನೇ ಕಟ್ಟಿಕೊಳ್ಳಬಲ್ಲವರಿಗೆ ಅದು ಸರಿ. ಆದರೆ ಪಹಣಿಯನ್ನೋ ಪರೀಕ್ಷೆಯ ಪ್ರವೇಶಪತ್ರವನ್ನೋ ಮುದ್ರಿಸಿಕೊಳ್ಳಬೇಕಾದ ವ್ಯಕ್ತಿ, ಪ್ರಿಂಟರ್ ಜೋಡಿಸಿದರೂ ಪಟ್ಟಿಯಲ್ಲಿ ಅದು ಕಾಣದಿದ್ದಾಗ ಕಪ್ಸ್ ಎಂಬ ಹೆಸರನ್ನು ಹುಡುಕಿಕೊಂಡು ಹೋಗುವುದಿಲ್ಲ, ಲಿನಕ್ಸ್‌ನಲ್ಲಿ ಪ್ರಿಂಟರ್ ನಡೆಯುವುದಿಲ್ಲವೆಂದೇ ತಿಳಿಯುತ್ತಾನೆ. ತಂತ್ರಜ್ಞಾನ ತಿಳಿಯದವರನ್ನು ಹೀಗೆ ಹೊರಗಿಡುವ ಭದ್ರತೆಯು ಮುಕ್ತ ತಂತ್ರಾಂಶದ ಆಶಯಕ್ಕೆ ಹೊಂದುವಂಥದ್ದಲ್ಲ.

ಅಳವಡಿಸುವುದು, ಚಾಲೂ ಮಾಡುವುದು, ಜಾಲಕ್ಕೆ ತೆರೆದಿಡುವುದು ಎಂಬ ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸುವುದರಿಂದ ಈ ಚರ್ಚೆ ಗೋಜಲಾಗುತ್ತದೆ. ಇಂದಿನ ವಿತರಣೆಗಳಲ್ಲಿ ಸೇವೆಗಳನ್ನು ನಿಯಂತ್ರಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶಕ್ಕೆ, ಯಂತ್ರದೊಳಗಿನಿಂದ ಮುದ್ರಣದ ಕೋರಿಕೆ ಬಂದಾಗ ಮಾತ್ರ ಕಪ್ಸ್ ಅನ್ನು ಎಬ್ಬಿಸುವ ಸಾಮರ್ಥ್ಯವಿದೆ. ಸಾಕೆಟ್ ಸಕ್ರಿಯಗೊಳಿಸುವಿಕೆ ಎನ್ನಲಾಗುವ ಈ ವಿಧಾನದಲ್ಲಿ ಕೆಲಸ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಸೇವೆ ತಾನಾಗಿ ನಿಲ್ಲಬಲ್ಲದು. ಕಪ್ಸ್‌ನ ಮೂಲ ಹೊಂದಾಣಿಕೆಯೂ ಅದೇ ಯಂತ್ರದ ಕೋರಿಕೆಗಳಿಗೆ ಮಾತ್ರ ಕಿವಿಗೊಡುವಂಥದ್ದು. 2010ರ ಏರ್‌ಪ್ರಿಂಟ್, 2013ರ ಐಪಿಪಿ ಎವೆರಿವೇರ್ ಮಾನದಂಡಗಳ ನಂತರ ಬಂದ ಬಹುಪಾಲು ಜಾಲ ಪ್ರಿಂಟರುಗಳಿಗೆ ಪ್ರತ್ಯೇಕ ಡ್ರೈವರ್, ಅಂದರೆ ಆಯಾ ಪ್ರಿಂಟರಿಗೆಂದೇ ಬರೆದ ತಂತ್ರಾಂಶ, ಬೇಕಿಲ್ಲ. ಅವುಗಳನ್ನು ಈಗಿನ ಕಪ್ಸ್, ಮುದ್ರಿಸುವ ಸಮಯದಲ್ಲಿಯೇ ಗುರುತಿಸುವುದರಿಂದ ಮನೆ ಬಳಕೆಗೆ ಕಪ್ಸ್-ಬ್ರೌಸ್ಡ್‌ನ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಆದ್ದರಿಂದ ವಿತರಣೆಗಳು ಅನುಸರಿಸಬೇಕಾದ ನೀತಿ ಸ್ಪಷ್ಟವಾಗಿದೆ. ಮನೆ, ಶಾಲೆ, ಕಚೇರಿಗಳ ಮೇಜಿನ ಮೇಲಿನ ಯಂತ್ರಗಳಲ್ಲಿ ಕಪ್ಸ್ ಮೊದಲೇ ಅಳವಟ್ಟಿದ್ದು, ಕೋರಿಕೆ ಬಂದಾಗ ಮಾತ್ರ ಏಳುವಂತಿರಬೇಕು. ಹೊರಗಿನ ಜಾಲಕ್ಕೆ ಕಿವಿಗೊಡುವ ಯಾವ ಮುದ್ರಣ ಸೇವೆಯೂ ಬಳಕೆದಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆರಂಭವಾಗಬಾರದು. ಸರ್ವರುಗಳಲ್ಲಂತೂ ಕೇಳದೆ ಕಪ್ಸ್ ಅನ್ನು ಅಳವಡಿಸಲೇಬಾರದು. ನಿರ್ವಾಹಕರು ಹಾಗೆ ಮಾಡುವವರೆಗೆ, ಲಿನಕ್ಸ್ ಬಳಸುವ ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಕಪ್ಸ್-ಬ್ರೌಸ್ಡ್ ಚಾಲೂ ಇದೆಯೇ ಎಂದು ಒಮ್ಮೆ ಪರಿಶೀಲಿಸಿ, ಅಗತ್ಯವಿಲ್ಲದಿದ್ದರೆ ಅದನ್ನು ನಿಲ್ಲಿಸುವುದು ಒಳಿತು.